ಪಾಸಾಗುವ ಕೇಸು

ನನ್ನ ಬಾಯಿ ಕೆಟ್ಟದ್ದು ಎಂದು ಮನೆಯವರೂ ಹೇಳುತ್ತಾರೆ, ವಿಭಾಗದವರೂ ಹೇಳುತ್ತಿದ್ದರು. ಇರಲಿ ಬಿಡಿ. ಬೇರೆ ಜಿಲ್ಲೆಯ ವಿಶ್ವವಿದ್ಯಾಲಯವೊಂದು ದಾವಣಗೆರೆಯಲ್ಲಿ ತನ್ನ ಮನಶ್ಶಾಸ್ತ್ರ ವಿಭಾಗದ ಕೇಂದ್ರ ನಡೆಸುತ್ತಿತ್ತು. ಅಲ್ಲಿ ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಚಹಾ ಕೊಟ್ಟು ಕೂರಿಸುವ ಅತಿಥಿಯಲ್ಲ, ಕಾಲೇಜು ಶುರುವಾದಾಗ ಕರೆದು ಪರೀಕ್ಷೆ ಬಂದಾಗ ಮನೆಗೆ ಕಳಿಸುವ ಅತಿಥಿ. ಥಿಯರಿ ಪಾಠ ಮಾಡುವುದಷ್ಟೇ ನನ್ನ ಕೆಲಸ. ಪ್ರಾಕ್ಟಿಕಲ್ಲು, ಅಂಕ, ಪರೀಕ್ಷಕರು, ಅವರಿಗೆ ಊಟ, ಈ ಕಡೆ ನಮ್ಮಂಥವರನ್ನು ಸುಳಿಯಗೊಡುತ್ತಿರಲಿಲ್ಲ.

ಆ ವರ್ಷ ತಪಾಸಣೆಗೆ ಸಮಿತಿ ಬರುವುದಿತ್ತು. ವಿಭಾಗದ ಹಳೆಯ ದಾಖಲೆಗಳನ್ನೆಲ್ಲ ವರ್ಷವಾರು ಜೋಡಿಸಿ, ಬೀರುವಿನಲ್ಲಿಟ್ಟು, ಮೇಲೆ ಚೀಟಿ ಅಂಟಿಸಬೇಕಿತ್ತು. ಖಾಯಂ ನೌಕರರಿಗೆ ಧೂಳು ಆಗಿಬರುವುದಿಲ್ಲ. ಮುಖ್ಯಸ್ಥರು ನನ್ನನ್ನು ಕರೆದು, ಹೆಣ್ಣುಮಕ್ಕಳ ಕೈಲಿ ಇಂಥ ಕೆಲಸ ಅಚ್ಚುಕಟ್ಟಾಗಿ ಆಗುತ್ತದೆ ಎಂದರು. ಮೈಯೆಲ್ಲ ಉರಿಯಿತು. ಆದರೂ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಒಳಗೆ ಹೋದೆ.

ಕೋಣೆಯಲ್ಲಿ ಇದ್ದದ್ದು ಬಹುಪಾಲು ಹಸಿರು ಹೊದಿಕೆಯ ಕೇಸ್ ರೆಕಾರ್ಡುಗಳು. ಕೊನೆಯ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನಸ್ಸಿನ ಕಾಯಿಲೆ ಇರುವ ಒಬ್ಬ ವ್ಯಕ್ತಿಯನ್ನು ಹುಡುಕಿ, ಮಾತಾಡಿಸಿ, ಅವರ ಪೂರ್ವಾಪರವನ್ನು ಬರೆಯಬೇಕು. ಮೊದಲೆಲ್ಲ ಹೆಸರಿನ ಮೊದಲಕ್ಷರ ಮಾತ್ರ ಬರೆಯುತ್ತಿದ್ದರಂತೆ. ಒಬ್ಬ ಪರೀಕ್ಷಕರು, ಇದೆಲ್ಲ ಕಟ್ಟುಕತೆ, ಮನೆಯಲ್ಲಿ ಕೂತು ಬರೆದದ್ದು ಎಂದು ರೇಗಿದ ಮೇಲೆ ಹೊಸ ನಿಯಮ ಬಂತು. ಪೂರ್ತಿ ಹೆಸರು, ಊರು ಬರೆಯಬೇಕು, ಕಡೆಯ ಪುಟದಲ್ಲಿ ಆ ವ್ಯಕ್ತಿಯ ಸಹಿ ಹಾಕಿಸಬೇಕು. ಕಾಪಿ ಹೊಡೆಯುವುದು ನಿಲ್ಲಲಿ ಎಂದು ಮಾಡಿದ ನಿಯಮ ಅದು.

ನಮ್ಮ ಹುಡುಗರೋ, ಅದರಲ್ಲೆಲ್ಲ ಎತ್ತಿದ ಕೈ. ಕಾಪಿ ನಿಲ್ಲಿಸಲಿಲ್ಲ, ಸಹಿ ಹಾಕಿಸುವುದನ್ನು ಕಲಿತರು. ಹಿಂದೆ ಯಾವನೋ ಬರೆದ ಒಂದು ಕೇಸಿಗೆ ಭರ್ತಿ ಅಂಕ ಬಿದ್ದಿತ್ತು. ಬೀಳ್ಕೊಡುಗೆಯ ದಿನ ಹಿರಿಯರು ಕಿರಿಯರ ಕೈಗೆ ಅದನ್ನು ಹಣ್ಣು ಕೊಟ್ಟಂತೆ ಕೊಡುವ ಪದ್ಧತಿ ಬೆಳೆಯಿತು. ಅದಕ್ಕೆ ಅವರಿಟ್ಟ ಹೆಸರು ಪಾಸಾಗುವ ಕೇಸು. ಅದನ್ನು ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡು, ಹೆಸರು ಊರು ಮಾತ್ರ ಬದಲಾಯಿಸಿ, ಪಕ್ಕದ ಮನೆಯ ಹೆಂಗಸೊಬ್ಬಳ ಹತ್ತಿರ ಹೋಗಿ, ಕಾಲೇಜಿನದು, ಒಂದು ಸಹಿ ಹಾಕ್ರಿ ಅನ್ನುವುದು. ಯಾರು ಬೇಡ ಅಂತಾರೆ? ಓದುವ ಮಕ್ಕಳಿಗೆ ಉಪಕಾರವಾಗಲಿ ಎಂದು ಹಾಕುತ್ತಾರೆ. ಹಾಗೆ ಸಹಿ ಹಾಕಿದ ಹೆಂಗಸರು ಆನೆಕೊಂಡದಲ್ಲಿ, ಕೊಂಡಜ್ಜಿಯಲ್ಲಿ, ಕೊಕ್ಕನೂರಿನಲ್ಲಿ, ಹರಿಹರದಲ್ಲಿ ರೊಟ್ಟಿ ಬಡಿಯುತ್ತ, ಮಕ್ಕಳನ್ನು ಸಾಕುತ್ತ ಇದ್ದರು. ನಮ್ಮ ಬೀರುವಿನಲ್ಲಿ ಅವರೆಲ್ಲ ಒಂದೇ ಕಾಯಿಲೆಯ ಹುಚ್ಚಿಯರು.

ಇದು ನನಗೆ ಗೊತ್ತಾಗಿದ್ದು ರೆಕಾರ್ಡು ಜೋಡಿಸುವಾಗಲ್ಲ. ಹೆಸರು, ವರ್ಷ ನೋಡಿ ಕಟ್ಟು ಕಟ್ಟುತ್ತಿದ್ದೆನೇ ಹೊರತು ಒಳಗೆ ಓದುವಷ್ಟು ತಾಳ್ಮೆ ನನಗಿರಲಿಲ್ಲ. ಒಂದು ಬೆಳಿಗ್ಗೆ ಹರಿಹರದ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಮೂವತ್ತು ದಾಟಿದವಳು. ಬ್ಲೌಸ್ ಹೊಲಿಯುವ ಕೆಲಸವಂತೆ, ಎದೆಯ ಮೇಲೆ ಸೆರಗಿಗೆ ಎರಡು ಸೂಜಿ ಚುಚ್ಚಿಕೊಂಡಿದ್ದಳು. ಕೈಯಲ್ಲಿ ಜೆರಾಕ್ಸ್ ಹಾಳೆಗಳು, ಪ್ರತಿ ಹಾಳೆಯ ಮೇಲೂ ನಮ್ಮ ವಿಭಾಗದ ಸೀಲು.

ಹೊರಗೆ ನಿಂತೇ ಎಲ್ಲ ಹೇಳಿದಳು. ಗಂಡನಿಗೆ ಹರಿಹರದಲ್ಲಿ ಮೋಟಾರ್ ರಿಪೇರಿ ಅಂಗಡಿ. ಅವನಿಗೆ ಬೇರೆ ಮದುವೆಯಾಗುವ ಮನಸ್ಸು ಬಂದು ಇವಳನ್ನು ಮನೆಯಿಂದ ಹೊರಗೆ ಹಾಕಿದ್ದ. ಈಗ ಇಲ್ಲೇ ದಾವಣಗೆರೆಯ ಆನೆಕೊಂಡದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಾಳೆ. ಎರಡನೇ ಕ್ಲಾಸಿನ ಮಗಳು ಅವನ ಹತ್ತಿರವೇ ಉಳಿದಿದ್ದಾಳೆ. ಮಗಳನ್ನು ಕೊಡಿಸಿ ಎಂದು ಇವಳು ಕೋರ್ಟಿಗೆ ಹೋದರೆ, ಅವನ ವಕೀಲ ಈ ಹಾಳೆಗಳನ್ನು ತೆಗೆದು ಜಡ್ಜ್ ಮುಂದಿಟ್ಟಿದ್ದಾನೆ. ಹುಚ್ಚು ಹಿಡಿದವಳ ಕೈಗೆ ಮಗು ಕೊಡಬಾರದು, ಮದುವೆಯೂ ರದ್ದಾಗಬೇಕು, ಇಗೋ ವಿಶ್ವವಿದ್ಯಾಲಯದ ದಾಖಲೆ, ಇಗೋ ಅವಳದೇ ಸಹಿ.

"ಸೈನ್ ನಂದೇ ಮೇಡಂ. ಮನೆ ಎದುರಿನ ಹುಡುಗಿ ಓದ್ತಿದ್ಲು, ಕೇಳಿದ್ಲು, ನಮ್ಮನೆಯವ್ರ ಎದುರಿಗೇ ಹಾಕಿದೆ. ಒಳಗೆ ಬರ್ದಿದ್ದು ನಂದಲ್ರಿ" ಅಂದಳು.

ಓದಿದೆ. ಈಕೆಗೆ ಯಾರೋ ಬಯ್ಯುವ ದನಿ ಕೇಳುತ್ತದೆ. ಅನ್ನದಲ್ಲಿ ವಿಷ ಹಾಕಿದ್ದಾರೆ ಎಂದು ತಟ್ಟೆ ಎಸೆಯುತ್ತಾಳೆ. ಹೆತ್ತ ಮಗುವನ್ನು ನೋಡಿ, ಇದು ನನ್ನದಲ್ಲ ಅನ್ನುತ್ತಾಳೆ. ಬೆಳಿಗ್ಗೆ ಹತ್ತಿಗಿರಣಿಯ ಕೂಗು ಕೇಳಿದ ಕೂಡಲೇ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ನಾನು ಅಲ್ಲೇ ನಿಂತುಬಿಟ್ಟೆ. ಇವಳು ಸಹಿ ಹಾಕುವ ಹೊತ್ತಿಗೆ ದಾವಣಗೆರೆಯ ಹತ್ತಿಗಿರಣಿಗಳು ಮುಚ್ಚಿ, ಜಾಗದಲ್ಲಿ ಮುಳ್ಳುಗಿಡ ಬೆಳೆದು, ಸೈಟು ಕೂಡ ಆಗಿದ್ದವು. ಇವಳಿದ್ದದ್ದು ಹರಿಹರದಲ್ಲಿ. ಯಾವ ಗಿರಣಿ, ಯಾವ ಕೂಗು?

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಬೀರು ತೆಗೆದೆ. ಹಿಂದಿನ ವರ್ಷದ ಕಟ್ಟು ಬಿಚ್ಚಿದೆ, ಅದೇ ಗಿರಣಿ ಕೂಗಿತು. ಅದರ ಹಿಂದಿನದರಲ್ಲೂ ಕೂಗಿತು. ಸುತ್ತ ಭತ್ತದ ಗದ್ದೆ ಬಿಟ್ಟರೆ ಏನೂ ಇಲ್ಲದ ಕೊಕ್ಕನೂರಿನಲ್ಲೂ ಗಿರಣಿ ಕೂಗಿತ್ತು, ಕೆರೆ ದಂಡೆಯ ಕೊಂಡಜ್ಜಿಯಲ್ಲೂ ಕೂಗಿತ್ತು. ಎಲ್ಲ ಕಡೆ ಅದೇ ತಟ್ಟೆ, ಅದೇ ವಿಷ, ಅದೇ ಮಂಚ. ತೀರಾ ಕೆಳಗಿನ ಕಟ್ಟಿನಲ್ಲಿ, ಗಿರಣಿಗಳು ಇನ್ನೂ ನಡೆಯುತ್ತಿದ್ದ ಕಾಲದ ರೆಕಾರ್ಡೊಂದರಲ್ಲಿ, ಆನೆಕೊಂಡದ ಒಬ್ಬ ನಿಜವಾದ ಹೆಂಗಸು ನಿಜವಾಗಿ ನರಳಿದ್ದಳು. ಅವಳು ಸತ್ತು ಹೋಗಿದ್ದಾಳೆ ಎಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಅವಳ ನರಳಾಟ ಇವರಿಗೆಲ್ಲ ಡಿಗ್ರಿ ಕೊಡಿಸಿತ್ತು.

ಎಲ್ಲವನ್ನೂ ಅವಳ ಮುಂದೆ ಹರಡಿದೆ. ಅವಳು ಒಂದೊಂದೇ ಹೆಸರು ಓದಿದಳು. "ಇವ್ರೆಲ್ಲಾ ಹುಚ್ಚೀರಾ?" ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ, ಹುಚ್ಚು ಹಿಡಿದಿರುವುದು ನಮ್ಮ ವಿಭಾಗಕ್ಕೆ ಕಣವ್ವ ಎಂದೆ. ಅವಳು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಾಳೆಗಳನ್ನು ಹಿಡಿದು ಮುಖ್ಯಸ್ಥರ ಹತ್ತಿರ ಹೋದೆವು. ಇದು ಕಾಪಿ ಎಂದು ಒಂದು ಸಾಲು ಬರೆದು ಕೊಡಿ, ಇಲ್ಲವೇ ಬಾಕಿ ರೆಕಾರ್ಡುಗಳ ನಕಲು ಕೊಡಿ, ಕೋರ್ಟೇ ಹೋಲಿಸಿ ನೋಡಲಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಸಮಿತಿ ಬರುವ ಹೊತ್ತಿನಲ್ಲಿ ಕಾಪಿ ಎಂಬ ಶಬ್ದ ಬಾಯಲ್ಲಿ ಬರಬಾರದು ಎಂದರು. ಬಾಕಿ ರೆಕಾರ್ಡು ಕೊಡುವಂತಿಲ್ಲ, ಅವು ಬೇರೆ ಹೆಣ್ಣುಮಕ್ಕಳ ಗೋಪ್ಯ ವಿಷಯ, ಮನಶ್ಶಾಸ್ತ್ರದ ಮೊದಲ ಪಾಠವೇ ಗೋಪ್ಯತೆ, ಪಾಠ ಮಾಡುವ ನಿಮಗೆ ನಾನು ಹೇಳಬೇಕೇ ಎಂದು ನನಗೇ ತಿರುಗಿಸಿದರು.

ಇವಳದು ಹೇಗೆ ಕೊಟ್ಟಿರಿ ಎಂದು ಕೇಳಿದೆ.

"ಆತ ಈಕಿ ಗಂಡ ಅಲ್ಲೇನ್ರಿ ಮೇಡಂ? ಹೊರಗಿನೋರಿಗೆ ಕೊಟ್ಟೀವಾ?" ಅಂದರು. ಅಷ್ಟು ಹೇಳಿ ಅವಳ ಕಡೆ ನೋಡಿ, ನೀರು ಕುಡಿಯಮ್ಮ ಎಂದು ಲೋಟ ಮುಂದೆ ಸರಿಸಿದರು. ಆ ಮನುಷ್ಯನಿಗೆ ತಾನು ಒಳ್ಳೆಯವನೆಂಬ ಭ್ರಮೆ ಇತ್ತು, ಅದಕ್ಕೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಎದುರು ಮನೆಯ ಹುಡುಗಿ, ಅಂದರೆ ಈ ರೆಕಾರ್ಡು ಬರೆದವಳು, ಈಗ ಬೇರೆ ಊರಿನ ಶಾಲೆಯೊಂದರಲ್ಲಿ ಮಕ್ಕಳ ಆಪ್ತಸಮಾಲೋಚಕಿ. ಮಕ್ಕಳ ಮನಸ್ಸಿನ ನೋವು ಕೇಳುವ ಕೆಲಸ, ನೋಡಿ. ನಾನು ಫೋನ್ ಮಾಡಿದಾಗ ಮೊದಲು ಬಹಳ ಖುಷಿಪಟ್ಟಳು. ವಿಷಯ ಹೇಳಿದ ಮೇಲೆ ದನಿ ಸಣ್ಣದಾಯಿತು. ಕಾಪಿ ಹೊಡೆದೆ ಎಂದು ಬರೆದುಕೊಟ್ಟರೆ ಡಿಗ್ರಿ ಹೋಗುತ್ತದೆ, ಕೆಲಸ ಹೋಗುತ್ತದೆ ಎಂದಳು. ಅಷ್ಟಕ್ಕೆ ಸುಮ್ಮನಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಫೋನ್ ಇಡುವ ಮುಂಚೆ, "ಆದ್ರೂ ಮೇಡಂ, ಅಕ್ಕ ಹೊಲಿಗೆ ಹಾಕೋವಾಗ ಒಬ್ಬಳೇ ಏನೋ ಗುನುಗ್ತಿದ್ಲು. ಸ್ವಲ್ಪ ಇತ್ತೇನೋ ಅನ್ಸುತ್ತೆ" ಅಂದಳು. ಈ ಮಾತನ್ನು ನಾನು ಹರಿಹರದವಳಿಗೆ ಹೇಳಲಿಲ್ಲ.

ನನಗೂ ತಲೆ ಕೆಟ್ಟಿತ್ತು. ಯಾರನ್ನೂ ಕೇಳದೆ ಎಲ್ಲ ರೆಕಾರ್ಡುಗಳ ಫೋಟೋ ಮೊಬೈಲಿನಲ್ಲಿ ತೆಗೆದು ಅವಳ ವಕೀಲನಿಗೆ ಕಳಿಸಿದೆ. ಅವನು ಕರಿ ಕೋಟಿನ ಇಸ್ತ್ರಿ ಇನ್ನೂ ಮಾಸದ ಹುಡುಗ, ಒಳ್ಳೆಯವನೇ. ಕದ್ದು ತೆಗೆದ ಫೋಟೋ ಎಂದು ಎದುರಿನವರು ತಳ್ಳಿಹಾಕುತ್ತಾರೆ, ಸಹಿ ಮಾಡಿದ ಹೆಂಗಸರಲ್ಲಿ ಒಬ್ಬಳಾದರೂ ಬಂದು, ನನಗೆ ಯಾವ ಕಾಯಿಲೆಯೂ ಇಲ್ಲ, ನನ್ನ ಹೆಸರಲ್ಲೂ ಇದೇ ಕತೆ ಬರೆದಿದ್ದಾರೆ ಎಂದು ಹೇಳಿದರೆ ಸಾಕು ಎಂದ. ಒಬ್ಬಳು ಸಾಕು.

ಕೊಕ್ಕನೂರಿನವಳ ಮನೆಯಲ್ಲಿ ನಮ್ಮನ್ನು ಪಡಸಾಲೆಯಿಂದ ಒಳಗೆ ಬಿಡಲಿಲ್ಲ. ಅವಳ ಮೈದುನ ಪೂರ್ತಿ ಕೇಳಿಸಿಕೊಂಡು, ಬಂದ ಬಸ್ಸಿಗೇ ವಾಪಸ್ ಹೋಗಿ ಎಂದ. ಕೊಂಡಜ್ಜಿಯವಳು ಹಾಗಲ್ಲ. ನಮ್ಮ ಕೈಗೆ ನೀರು ಕೊಟ್ಟಳು, ಮಂಡಕ್ಕಿ ಒಗ್ಗರಣೆ ಹಾಕಿದಳು. ಐವತ್ತರ ಹತ್ತಿರದವಳು, ಗಟ್ಟಿ ದನಿ, ಮನೆಯ ಆಡಳಿತವೆಲ್ಲ ಅವಳದೇ ಎಂಬುದು ನೋಡಿದರೆ ಗೊತ್ತಾಗುತ್ತಿತ್ತು. ಮೊಬೈಲಿನಲ್ಲಿ ಅವಳ ಹೆಸರು, ಅವಳ ಸಹಿ ತೋರಿಸಿ ನಾನು ಒಳಗಿನದನ್ನು ಓದಿ ಹೇಳಿದೆ. ಅಕ್ಕನ ಮಗನಿಗೆಂದು ಹಾಕಿದ ಸಹಿಯಂತೆ. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು. ಆ ಹುಡುಗನ ಹುಟ್ಟನ್ನೇ ಜಾಲಾಡಿ ಬಯ್ದಳು. ಹರಿಹರದವಳ ಕೈ ಹಿಡಿದುಕೊಂಡು, ಎಂಥ ಅನ್ಯಾಯ ತಂಗಿ ಅಂದಳು. ನನಗೆ ಜೀವ ಬಂದ ಹಾಗಾಯಿತು.

ಕೋರ್ಟಿಗೆ ಬನ್ನಿ ಎಂದು ಕೇಳಿದ ತಕ್ಷಣ ಕೈ ಬಿಟ್ಟಳು.

"ಮಗಳಿಗೆ ಗಂಡು ಬಂದೈತಿ ತಂಗಿ. ನಂಗೆ ಹುಚ್ಚಿಲ್ಲ ಅಂತ ಕೋರ್ಟಿನಾಗೆ ಹೇಳಿದ್ರೂ, ಕೇಳಿದೋರ ಕಿವಿಗೆ ಹುಚ್ಚು ಅನ್ನೋದೊಂದೇ ಬೀಳೋದು. ನೀನೂ ಮಗಳ ತಾಯಿ, ನೀನೇ ಹೇಳು, ನೀ ಆಗಿದ್ರೆ ಬರ್ತಿದ್ಯಾ?"

ಹರಿಹರದವಳು, ಬರ್ತಿರಲಿಲ್ಲ ಅಕ್ಕ ಅಂದಳು. ನಾನು ಅವಳ ರಟ್ಟೆ ಚಿವುಟಿದೆ, ಆದರೆ ಮಾತು ಆಡಿಯಾಗಿತ್ತು. ಕೊಂಡಜ್ಜಿಯವಳು ನನ್ನ ಮೊಬೈಲಿನಲ್ಲಿದ್ದ ತನ್ನ ರೆಕಾರ್ಡಿನ ಫೋಟೋಗಳನ್ನು ತನ್ನ ಕಣ್ಣೆದುರೇ ಅಳಿಸಲು ಹೇಳಿದಳು. ಅಳಿಸಿದೆ. ಆಮೇಲೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದಳು. ಬಸ್ಸಿನಲ್ಲಿ ನಾನು ಇವಳಿಗೆ ಚೆನ್ನಾಗಿ ಬಯ್ದೆ, ನಿನಗೆ ಬದುಕುವ ಬುದ್ಧಿ ಇಲ್ಲ ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಬೇರೆ ಹೆಂಗಸರೂ ಯಾರೂ ಒಪ್ಪಲಿಲ್ಲ, ಉಳಿದದ್ದು ಗಿರಣಿಯ ಕೂಗು ಒಂದೇ. ಅದು ಸಾಕು, ಕಣ್ಣಿಗೆ ಹೊಡೆಯುವಂಥ ಸುಳ್ಳು ಎಂದು ನಾನೂ ನಂಬಿದ್ದೆ, ಆ ಹುಡುಗ ವಕೀಲನೂ ನಂಬಿದ್ದ. ಕೋರ್ಟಿನಲ್ಲಿ ಅವನು ಚೆನ್ನಾಗಿಯೇ ಹೇಳಿದ. ಸ್ವಾಮಿ, ಗಿರಣಿಗಳು ಮುಚ್ಚಿ ಎಷ್ಟು ಕಾಲವಾಯಿತೆಂದು ದಾವಣಗೆರೆಯ ಮಕ್ಕಳಿಗೂ ಗೊತ್ತು, ಇರದ ಕೂಗನ್ನು ಕೇಳಿ ಈಕೆ ಮಂಚದ ಕೆಳಗೆ ಸೇರುವುದು ಹೇಗೆ, ಇದು ಹಳೆಯ ಯಾರದೋ ಕತೆ ಎಂದ. ಜಡ್ಜ್ ತಲೆ ಎತ್ತಿ ನೋಡಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಳ ಮೊಣಕೈ ತಿವಿದೆ.

ಗಂಡನ ವಕೀಲ ವಯಸ್ಸಾದವನು. ಅವಸರವಿಲ್ಲದೆ ಎದ್ದು ನಿಂತ.

"ನನ್ನ ಕಿರಿಯ ಮಿತ್ರರು ಹೇಳಿದ್ದು ಅಕ್ಷರಶಃ ನಿಜ. ಗಿರಣಿ ಇಲ್ಲ, ಕೂಗೂ ಇಲ್ಲ. ಆದರೂ ಈಕೆಗೆ ಕೇಳಿಸುತ್ತದೆ. ಸ್ವಾಮಿ, ನಾವು ಹೇಳುತ್ತಿರುವುದೂ ಅದನ್ನೇ."

ಹಿಂದೆ ಯಾರೋ ನಕ್ಕರು. ಆ ಹುಡುಗ ವಕೀಲ ಕಾಗದ ಮಗುಚುತ್ತ ನಿಂತ. ಇರದ ಸದ್ದು ಕೇಳಿಸುವುದೇ ಆ ಕಾಯಿಲೆಯ ಮುಖ್ಯ ಲಕ್ಷಣ ಎಂದು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಗಂಡನ ವಕೀಲ ಹೇಳಿದ್ದರಲ್ಲಿ ಪಾಠದ ಪ್ರಕಾರ ಒಂದು ತಪ್ಪೂ ಇರಲಿಲ್ಲ. ಜಡ್ಜ್ ಮಾತ್ರ ಆತುರಪಡಲಿಲ್ಲ. ಆಸ್ಪತ್ರೆಯಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಿ ವರದಿ ತನ್ನಿ, ಅಲ್ಲಿಯವರೆಗೆ ಮಗು ಇದ್ದಲ್ಲೇ ಇರಲಿ ಎಂದರು. ನ್ಯಾಯವಾದ ಮಾತೇ. ಒಂದು ಗಂಟೆ ಯಾರಾದರೂ ಇವಳ ಜೊತೆ ಕೂತು ಮಾತಾಡಿದರೆ ಎಲ್ಲ ಬಗೆಹರಿಯುತ್ತದೆ ಎಂದುಕೊಂಡೆ.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಪರೀಕ್ಷೆ ಮಾಡುವ ಹುಡುಗಿ ಸಭ್ಯಳು, ಕೂಡ್ರಿ ಎಂದು ಕುರ್ಚಿ ತೋರಿಸಿದಳು. ಪರೀಕ್ಷೆಗೆ ಒಪ್ಪಿಗೆ ಇದೆ ಎಂಬ ಒಂದು ಹಾಳೆ ಮುಂದಿಟ್ಟು, ಮೊದಲು ಇಲ್ಲೊಂದು ಸಹಿ ಮಾಡಿ ಅಂದಳು. ಇವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅದು ಬರೀ ಒಪ್ಪಿಗೆ ಪತ್ರ, ಎಲ್ಲರ ಹತ್ತಿರವೂ ಹಾಕಿಸುತ್ತಾರೆ ಎಂದು ನಾನು ಹೇಳಿದೆ, ಆ ಹುಡುಗಿಯೂ ಹೇಳಿದಳು. ಪೂರ್ತಿ ಓದಿ ತೋರಿಸಿದೆ. ಓದುವಾಗ ಇರೋದೇ ಬೇರೆ, ಆಮೇಲೆ ಬರೆಯೋದೇ ಬೇರೆ ಎಂದಳು ಇವಳು. ಮೊದಲು ಮಾತಾಡಿ, ಏನು ಬರೀತೀರೋ ನೋಡ್ತೀನಿ, ಆಮೇಲೆ ಸಹಿ ಎಂದು ಪಟ್ಟು ಹಿಡಿದಳು. ಸಹಿ ಇಲ್ಲದೆ ಮಾತಾಡಿಸುವಂತಿಲ್ಲ ಎಂದು ಅವರ ನಿಯಮ. ನಾನು ಅವಳನ್ನು ಹೊರಗೆ ಕರೆದು ಕೈ ಮುಗಿದೆ. ನಿನ್ನ ಮಗಳ ಆಣೆ, ಹಾಕು ಎಂದೆ.

"ಒಂದ್ಸಲ ಹಾಕಿದ್ದಕ್ಕೆ ಮಗಳು ಹೋದ್ಲು ಮೇಡಂ. ಇನ್ನೊಂದ್ಸಲ ಹಾಕಿದ್ರೆ ಏನ್ ಹೋಗ್ತದೋ. ನಂಗೆ ಬ್ಯಾಡ."

ಒಳಗೆ ಆ ಹುಡುಗಿ ಬರೆಯಬೇಕಾದ್ದನ್ನು ಬರೆದಳು. ಸಹಕರಿಸುವುದಿಲ್ಲ. ತನ್ನ ವಿರುದ್ಧ ಬರೆಯುತ್ತಾರೆಂಬ ಬಲವಾದ ಸಂಶಯ. ಆಕೆಯನ್ನು ನಾನು ದೂರಲಾರೆ, ಕಂಡದ್ದನ್ನು ಬರೆದಳು. ಆ ಎರಡು ಸಾಲು ಹೋಗಿ ನಮ್ಮ ವಿಭಾಗದ ಹಸಿರು ರೆಕಾರ್ಡಿನ ಪಕ್ಕದಲ್ಲಿ ಕೂತಾಗ ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿದ್ದವು. ಮಗು ತಂದೆಯ ಹತ್ತಿರವೇ ಇರಬೇಕು, ತಾಯಿ ತಿಂಗಳಿಗೊಮ್ಮೆ ಕೋರ್ಟಿನ ಆವರಣದಲ್ಲಿ, ಸಿಬ್ಬಂದಿಯ ಎದುರಿನಲ್ಲಿ, ಮಗುವನ್ನು ನೋಡಬಹುದು ಎಂದು ಆದೇಶವಾಯಿತು. ಅವಳಿಗೆ ಚಿಕಿತ್ಸೆ ಕೊಡಿಸಿ ಎಂಬ ಸಲಹೆಯೂ ಇತ್ತು.

ಈ ನಡುವೆ ಸಮಿತಿ ಬಂತು. ಬೀರು ತೆಗೆಸಿ ನೋಡಿ, ಇಷ್ಟು ವರ್ಷಗಳ ಕ್ಷೇತ್ರಕಾರ್ಯವನ್ನು ಇಷ್ಟು ಶಿಸ್ತಿನಿಂದ ಕಾಪಾಡಿರುವುದು ಬೇರೆ ಕಡೆ ಕಾಣಸಿಗದು ಎಂದು ಹೊಗಳಿದರು. ಒಬ್ಬರು ಒಂದು ರೆಕಾರ್ಡು ಕೈಗೆತ್ತಿಕೊಂಡು ಅಕ್ಷರ ಮುದ್ದಾಗಿದೆ ಎಂದರು. ಮುಖ್ಯಸ್ಥರು ಶಾಲು ಹೊದಿಸಿದರು. ನಾನು ಫೋಟೋ ತೆಗೆದದ್ದು ಅಷ್ಟರಲ್ಲಿ ಅವರ ಕಿವಿಗೆ ಬಿದ್ದಿತ್ತು, ಮುಂದಿನ ವರ್ಷ ಅತಿಥಿಯನ್ನು ಕರೆಯಲಿಲ್ಲ. ನನಗೆ ಅದರಿಂದ ದುಃಖವೇನೂ ಆಗಲಿಲ್ಲ, ಸಿಟ್ಟು ಮಾತ್ರ ಇನ್ನೂ ಇದೆ.

ಮೊದಲ ಭೇಟಿಗೆ ನಾನೂ ಹೋದೆ, ಒಬ್ಬಳೇ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಬೆಳಿಗ್ಗೆ ಬೇಗ ಎದ್ದು ಮಗಳಿಗೆ ಕರದಂಟು ತಂದಿದ್ದಳು, ತಾನೇ ಹೊಲಿದ ಒಂದು ಹಳದಿ ಫ್ರಾಕು ತಂದಿದ್ದಳು. ಅಳತೆ ಹಳೆಯದು, ಮಗು ಬೆಳೆದಿರುತ್ತದೆ ಎಂದು ಎರಡು ಬೆರಳು ಬಿಟ್ಟು ಹೊಲಿದಿದ್ದಳಂತೆ. ಅತ್ತೆ ಮಗುವಿನ ಕೈ ಹಿಡಿದುಕೊಂಡು ಬಂದಳು. ಗಂಡ ಗೇಟಿನ ಹೊರಗೆ ಬೈಕಿನ ಮೇಲೆಯೇ ಕೂತಿದ್ದ. ಕೋರ್ಟಿನ ಹೆಣ್ಣುಮಗಳೊಬ್ಬಳು ಮೇಜಿನ ಹಿಂದೆ ಪೆನ್ನು ಹಿಡಿದು ಕೂತಿದ್ದಳು.

ಮಗು ಓಡಿ ಬರಲಿಲ್ಲ. ಅಜ್ಜಿಯ ಮುಖ ನೋಡಿತು, ಅಜ್ಜಿ ತಲೆಯಾಡಿಸಿದ ಮೇಲೆ ಮೆಲ್ಲಗೆ ಬಂದು ತಾಯಿಯ ಎದುರು ನಿಂತಿತು. ತಾಯಿ ಮುಟ್ಟಲಿಲ್ಲ, ಮುಟ್ಟಿದರೆ ಯಾರು ಏನು ಬರೆದುಕೊಳ್ಳುತ್ತಾರೋ ಎಂಬ ಭಯ ಅವಳ ಕೈಯಲ್ಲೇ ಕಾಣುತ್ತಿತ್ತು. ಮಗು ಅವಳನ್ನು ಮೇಲಿಂದ ಕೆಳಗೆ ನೋಡಿತು. ಅದರ ಮುಖದಲ್ಲಿ ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ ಆಸೆ ಇತ್ತು.

"ಅವ್ವ, ಗುಳಿಗಿ ತಗಂತಿದೀಯಾ? ತಗಂಡ್ರೆ ಆರಾಮಾಗಿ ಮನಿಗೆ ಬರ್ತಾಳೆ ಅಂದಾನ ಅಪ್ಪ."

ನಾನು ಅವಳ ಭುಜ ಅದುಮಿದೆ. ಅವಳು ಜೀವಮಾನದಲ್ಲಿ ತಲೆನೋವಿಗೂ ಗುಳಿಗೆ ನುಂಗಿದವಳಲ್ಲ. ಇಲ್ಲ ಎಂದರೆ ಮಗುವಿನ ಮುಖ ಏನಾಗುತ್ತದೆ ಎಂಬುದು ನನಗೂ ಕಾಣುತ್ತಿತ್ತು. ಮೇಜಿನ ಹಿಂದಿನ ಪೆನ್ನು ಕೂಡ ನಿಂತಿತ್ತು.

"ಹ್ಞೂಂ ಮಗ. ದಿನಾ ತಗಂತೀನಿ" ಅಂದಳು.

ಮಗು ಬಂದು ಅವಳ ತೊಡೆಯ ಮೇಲೆ ಕೂತಿತು. ಅತ್ತೆ ಮೇಜಿನ ಕಡೆ ತಿರುಗಿ, ಕೇಳಿದ್ರಲ್ಲ, ಆಕಿನೇ ಒಪ್ಪಿಕೊಂಡ್ಲು, ಬರ್ಕೊಳ್ರಿ ಎಂದಳು. ಕೋರ್ಟಿನ ಹೆಣ್ಣುಮಗಳು ಬರೆದುಕೊಂಡಳು. ತಾಯಿ ಅತ್ತ ನೋಡಲೇ ಇಲ್ಲ, ಮಗಳಿಗೆ ಫ್ರಾಕು ತೊಡಿಸುತ್ತಿದ್ದಳು.